ಬೂಟಬಲ್ ಪೆನ್ ಡ್ರೈವ್: ಡಿಡಿ, ಎಚರ್, ರೂಫಸ್, ವೆಂಟಾಯ್ ಬಳಸಿ ನೋಡಿದ ಮೇಲೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗ ಮನೆಯಲ್ಲಿ ಮೂರು ಕಂಪ್ಯೂಟರ್‌ಗಳಿದ್ದವು. ಒಂದು ತುಂಬಾ ಹಳೇ ಡೆಸ್ಕ್‌ಟಾಪ್, ಅದರಲ್ಲಿ ಹಳೇ ಕಾಲದ ಬಯೋಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್) ಮಾತ್ರ. ಇನ್ನೊಂದು ಕೆಲವು ವರ್ಷ ಹಳೆಯದಾದ ಲ್ಯಾಪ್‌ಟಾಪ್. ಅದರಲ್ಲಿ ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಇದೆ, ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇಲ್ಲ. ಮೂರನೆಯದು ಹೊಸ ಲ್ಯಾಪ್‌ಟಾಪ್, ವಿಂಡೋಸ್ 11 ಕೇಳುವುದೆಲ್ಲ ಅದರಲ್ಲಿದೆ. ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ, ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಅಂತ ತೀರ್ಮಾನಿಸಿದೆ. ಹಳೇ ಲ್ಯಾಪ್‌ಟಾಪ್‌ಗೆ ಎರಡನ್ನೂ ಹಾಕಿ ನೋಡುವ ಆಸೆಯಿತ್ತು.

ಇದಕ್ಕೆ ಬೂಟಬಲ್ ಪೆನ್ ಡ್ರೈವ್, ಅಂದರೆ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಬಹುದಾದ ಪೆನ್ ಡ್ರೈವ್ ಬೇಕು. ಅದನ್ನು ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹಾಗಾಗಿ ಐದನ್ನು ಸಾಲಾಗಿ ಬಳಸಿ ನೋಡಿದೆ. ಲಿನಕ್ಸ್‌ನ ಡಿಡಿ ಕಮಾಂಡ್, ಬಲೇನಾ ಎಚರ್, ರೂಫಸ್, ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್, ಕೊನೆಗೆ ವೆಂಟಾಯ್. ಐಎಸ್‌ಒ ಫೈಲ್‌ಗಳು (ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲಾಗಿ ಕೊಡುವಂಥವು) ಅವೇ ಎರಡು, ಮಿಂಟ್‌ನದೊಂದು, ವಿಂಡೋಸ್ 11ರದೊಂದು.

ಎರಡು ಮೂರು ದಿನ ಒದ್ದಾಡಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಐಎಸ್‌ಒ ಅನ್ನುವುದು ಸಿಡಿ ಕಾಲದ ಫೈಲ್. ಸಿಡಿಯಿಂದ ಕಂಪ್ಯೂಟರ್ ಬೂಟ್ ಆಗಬೇಕಾದರೆ ಹೇಗೆ ಅಂತ 1995ರಲ್ಲಿ ಎಲ್ ಟೊರಿಟೊ ಅನ್ನುವ ಪದ್ಧತಿ ಬಂತು. ಆದರೆ ಪೆನ್ ಡ್ರೈವ್ ಸಿಡಿ ಅಲ್ಲ. ಕಂಪ್ಯೂಟರ್ ಅದನ್ನು ಹಾರ್ಡ್ ಡಿಸ್ಕ್ ಥರ ನೋಡುತ್ತದೆ. ಅದರಲ್ಲಿ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ, ಹುಡುಕುತ್ತದೆ. ಹಾಗಾಗಿ ಐಎಸ್‌ಒ ಫೈಲನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿ ಹಾಕಿದರೆ ಏನೂ ಆಗುವುದಿಲ್ಲ.

ಇದಕ್ಕೆ ದಾರಿ ಎರಡು. ಒಂದು, ಐಎಸ್‌ಒ ಒಳಗಿರುವ ಪ್ರತಿಯೊಂದು ಬೈಟನ್ನೂ ಮೊದಲಿಂದ ಕೊನೆಯವರೆಗೆ ಹಾಗೇ ಪೆನ್ ಡ್ರೈವ್ ಮೇಲೆ ಬರೆಯುವುದು. ಇದು ನಡೆಯಬೇಕಾದರೆ ಐಎಸ್‌ಒ ಮಾಡಿದವರೇ ಅದರೊಳಗೆ ಪಾರ್ಟಿಷನ್ ಟೇಬಲನ್ನೂ ಸೇರಿಸಿರಬೇಕು. ಅಂಥದ್ದಕ್ಕೆ ಹೈಬ್ರಿಡ್ ಐಎಸ್‌ಒ ಅನ್ನುತ್ತಾರೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಅನ್ನುವ ಲಿನಕ್ಸ್‌ಗಳೆಲ್ಲ ಹೀಗೇ ಬರುತ್ತವೆ. ವಿಂಡೋಸ್ ಐಎಸ್‌ಒ ಹೈಬ್ರಿಡ್ ಅಲ್ಲ. ಎರಡನೇ ದಾರಿ, ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಂ ಶುರು ಮಾಡುವ ಚಿಕ್ಕ ಸಾಫ್ಟ್‌ವೇರ್) ಕೂರಿಸಿ, ಐಎಸ್‌ಒ ಬಿಚ್ಚಿ ಒಳಗಿನ ಫೈಲ್‌ಗಳನ್ನು ಅದಕ್ಕೆ ಹಾಕುವುದು. ಡಿಡಿ, ಎಚರ್ ಮೊದಲ ದಾರಿಯವು. ರೂಫಸ್ ಎರಡನೆಯದು, ಬೇಕಾದರೆ ಮೊದಲನೆಯದನ್ನೂ ಮಾಡುತ್ತದೆ. ವೆಂಟಾಯ್ ಎರಡೂ ಬಿಟ್ಟು ಮೂರನೇ ದಾರಿ ಹಿಡಿದಿದೆ. ನಿಮ್ಮ ಪೆನ್ ಡ್ರೈವ್ ಯಾಕೆ ಬೂಟ್ ಆಗುತ್ತಿಲ್ಲ ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ.

ಡಿಡಿಯಿಂದ ಶುರು ಮಾಡುತ್ತೇನೆ. 1970ರ ದಶಕದ ಯುನಿಕ್ಸ್ ಕಾಲದ ಕಮಾಂಡ್ ಇದು. ಲಿನಕ್ಸ್, ಮ್ಯಾಕ್ ಎರಡರಲ್ಲೂ ಮೊದಲೇ ಇರುತ್ತದೆ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಐಎಫ್ ಅನ್ನುವ ಕಡೆ ಐಎಸ್‌ಒ ಫೈಲಿನ ಹೆಸರು, ಒಎಫ್ ಅನ್ನುವ ಕಡೆ ಪೆನ್ ಡ್ರೈವಿನ ಹೆಸರು. ಅಷ್ಟೇ. ಮಿಂಟ್ ಐಎಸ್‌ಒ ಹೀಗೆ ಬರೆದೆ, ಹಳೇ ಡೆಸ್ಕ್‌ಟಾಪ್ ಮೊದಲ ಸಲಕ್ಕೇ ಬೂಟ್ ಆಯಿತು.

ಆದರೆ ಡಿಡಿ ನಿಮ್ಮನ್ನು ಏನೂ ಕೇಳುವುದಿಲ್ಲ. ‘ಇದನ್ನು ಅಳಿಸಲೇ?’ ಅಂತ ಒಂದು ಮಾತೂ ಇಲ್ಲ. ಎರಡನೇ ಸಲ ಬರೆಯುವಾಗ ಕಂಪ್ಯೂಟರ್‌ಗೆ ಎರಡು ಪೆನ್ ಡ್ರೈವ್ ಚುಚ್ಚಿದ್ದೆ. ಒಂದರಲ್ಲಿ ಅಮ್ಮನ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಸಾಧನದ ಹೆಸರಿನ ಕೊನೆಯ ಅಕ್ಷರ ಬಿ ಅಂತ ಹೊಡೆದೆ, ಸಿ ಅಂತ ಹೊಡೆಯಬೇಕಿತ್ತು. ಎಂಟರ್ ಒತ್ತಿದ ಮೇಲೆ ಗೊತ್ತಾಯಿತು. ಕೂಡಲೇ ನಿಲ್ಲಿಸಿದೆ, ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಸುಮಾರು ಫೋಟೋಗಳು ವಾಪಸ್ ಬಂದವು. ಎಲ್ಲವೂ ಬರಲಿಲ್ಲ. ಆ ನೋವು ಇನ್ನೂ ಇದೆ. ಹಾಗಾಗಿ ಡಿಡಿ ಬಳಸುವವರಿಗೆ ಕೈಮುಗಿದು ಕೇಳುವುದು ಇಷ್ಟೇ. ಬೇರೆ ಎಲ್ಲ ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಮೊದಲು ಕಿತ್ತಿಡಿ. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು, ಸೈಜ್ ನೋಡಿ, ಯಾವುದು ಯಾವುದು ಅಂತ ಖಚಿತ ಮಾಡಿಕೊಂಡು ಆಮೇಲೆ ಮುಂದುವರಿಯಿರಿ.

ಇನ್ನೊಂದು ಮಾತು. ಡಿಡಿ ‘ಮುಗಿಯಿತು’ ಅಂದಾಗ ನಿಜವಾಗಿ ಮುಗಿದಿರುವುದಿಲ್ಲ. ಡೇಟಾ ಇನ್ನೂ ರ‍್ಯಾಮ್‌ನಲ್ಲಿ ಕೂತಿರಬಹುದು. ಸಿಂಕ್ ಅಂತ ಕಮಾಂಡ್ ಕೊಟ್ಟು, ಅದು ಮುಗಿಯುವ ತನಕ ಕಾಯಬೇಕು.

ಎಚರ್ ಮಾಡುವುದು ಡಿಡಿ ಮಾಡುವ ಕೆಲಸವನ್ನೇ, ಆದರೆ ಕೈ ಹಿಡಿದು ಮಾಡಿಸುತ್ತದೆ. ಫೈಲ್ ಆರಿಸಿ, ಡ್ರೈವ್ ಆರಿಸಿ, ಫ್ಲ್ಯಾಶ್ ಒತ್ತಿ. ಕಂಪ್ಯೂಟರ್‌ನ ಒಳಗಿನ ಡಿಸ್ಕನ್ನು ಪಟ್ಟಿಯಲ್ಲಿ ಸುಮ್ನೆ ತೋರಿಸುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ ಕಾಣುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ನೂರು ಎಂಬಿಗೂ ಜಾಸ್ತಿ ಡೌನ್‌ಲೋಡ್ ಮಾಡಬೇಕು ಅನ್ನುವುದೊಂದು ಬೇಸರ.

ನನಗೆ ಎಚರ್ ಇಷ್ಟವಾಗಿದ್ದು ಅದರ ಕೊನೆಯ ಹಂತಕ್ಕೆ. ಬರೆದು ಮುಗಿದ ಮೇಲೆ ಪೆನ್ ಡ್ರೈವನ್ನು ಮತ್ತೆ ಪೂರ್ತಿ ಓದಿ, ಬರೆದದ್ದು ಸರಿಯಾಗಿ ಕೂತಿದೆಯೇ ಅಂತ ಪರೀಕ್ಷೆ ಮಾಡುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ, ತುಂಬಾ ಜನ ಸ್ಕಿಪ್ ಒತ್ತುತ್ತಾರೆ. ನಾನೂ ಒತ್ತುತ್ತಿದ್ದೆ. ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕುವಾಗ ಇನ್‌ಸ್ಟಾಲ್ ಮುಕ್ಕಾಲು ಭಾಗ ಬಂದು ನಿಲ್ಲುತ್ತಿತ್ತು. ಐಎಸ್‌ಒ ಕೆಟ್ಟಿದೆ ಅಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಿದೆ. ಲ್ಯಾಪ್‌ಟಾಪಿನ ಡಿಸ್ಕ್ ಹೋಗಿದೆ ಅಂದುಕೊಂಡೆ. ಕೊನೆಗೆ ಎಚರ್‌ನ ಪರೀಕ್ಷೆಯನ್ನು ಪೂರ್ತಿ ನಡೆಯಲು ಬಿಟ್ಟೆ. ಆಗ ಗೊತ್ತಾಯಿತು, ಪೆನ್ ಡ್ರೈವೇ ಕೆಟ್ಟಿತ್ತು. ಡಿಡಿ ಅದೇ ಪೆನ್ ಡ್ರೈವ್‌ಗೆ ಯಾವ ದೂರೂ ಇಲ್ಲದೆ ಬರೆದಿತ್ತು! ಮೊದಲೇ ಸ್ಕಿಪ್ ಒತ್ತದಿದ್ದರೆ ಒಂದಿಡೀ ಸಂಜೆ ಉಳಿಯುತ್ತಿತ್ತು, ಅಲ್ವಾ?

ಮಾರುಕಟ್ಟೆಯಲ್ಲಿ ನಕಲಿ ಪೆನ್ ಡ್ರೈವ್‌ಗಳೂ ಇವೆ. 64 ಜಿಬಿ ಅಂತ ತೋರಿಸುತ್ತವೆ, ಒಳಗೆ ಇರುವುದು ಅದಕ್ಕಿಂತ ತುಂಬಾ ಕಡಿಮೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಸಾಫ್ಟ್‌ವೇರ್‌ಗಳು ಪೆನ್ ಡ್ರೈವ್ ಪೂರ್ತಿ ಬರೆದು, ಓದಿ, ನಿಜ ಹೇಳುತ್ತವೆ. ಹೊಸ ಪೆನ್ ಡ್ರೈವ್ ತಂದರೆ ಮೊದಲು ಇದನ್ನೇ ಮಾಡುವುದು ಈಗ ನನ್ನ ಅಭ್ಯಾಸ.

ವಿಂಡೋಸ್ ಐಎಸ್‌ಒ ಕೊಟ್ಟರೆ ಎಚರ್ ತಾನೇ ಎಚ್ಚರಿಸುತ್ತದೆ, ಇದಕ್ಕೆ ಬೇರೆ ಸಾಫ್ಟ್‌ವೇರ್ ಬಳಸಿ ಅಂತ. ಕಾರಣ ಮೇಲೆ ಹೇಳಿದ್ದೇ. ಆ ಐಎಸ್‌ಒ ಹೈಬ್ರಿಡ್ ಅಲ್ಲ. ‘ಮುಂದುವರಿಸು’ ಒತ್ತಿ ಪ್ರಯೋಜನವಿಲ್ಲ.

ಇನ್ನು ರೂಫಸ್. ಪೀಟ್ ಬಟಾರ್ಡ್ 2011ರಲ್ಲಿ ಹೊರತಂದದ್ದು. ಒಂದೆರಡು ಎಂಬಿಯ ಒಂದೇ ಫೈಲ್, ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ ಅನ್ನುವುದೊಂದೇ ಕೊರತೆ, ಆದರೆ ಮನೆಯಲ್ಲಿ ಲಿನಕ್ಸ್ ಮಾತ್ರ ಇದ್ದವರಿಗೆ ಅದು ದೊಡ್ಡ ಕೊರತೆಯೇ.

ವಿಂಡೋಸ್ ಪೆನ್ ಡ್ರೈವ್ ಮಾಡುವುದರಲ್ಲಿ ಒಂದು ತೊಡಕಿದೆ, ಅದನ್ನು ರೂಫಸ್ ಚೆನ್ನಾಗಿ ಬಿಡಿಸುತ್ತದೆ. ಯುಇಎಫ್‌ಐ ಕಂಪ್ಯೂಟರ್‌ಗಳು ಖಾತ್ರಿಯಾಗಿ ಓದುವುದು ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನ ಪಾರ್ಟಿಷನ್ ಮಾತ್ರ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇಡಲು ಆಗುವುದಿಲ್ಲ. ವಿಂಡೋಸ್ ಐಎಸ್‌ಒ ಒಳಗಿನ ಇನ್‌ಸ್ಟಾಲ್ ಡಾಟ್ ವಿಮ್ ಅನ್ನುವ ಫೈಲ್ ಈಗೀಗ 4 ಜಿಬಿ ದಾಟುತ್ತದೆ. ರೂಫಸ್ ಏನು ಮಾಡುತ್ತದೆ ಅಂದರೆ, ದೊಡ್ಡ ಪಾರ್ಟಿಷನ್ನನ್ನು ಎನ್‌ಟಿಎಫ್‌ಎಸ್ ಅನ್ನುವ ಇನ್ನೊಂದು ಫಾರ್ಮ್ಯಾಟಿಗೆ ಮಾಡಿ ಫೈಲ್‌ಗಳನ್ನೆಲ್ಲ ಅಲ್ಲಿಡುತ್ತದೆ. ಪಕ್ಕದಲ್ಲಿ ಪುಟ್ಟದೊಂದು ಫ್ಯಾಟ್ ಪಾರ್ಟಿಷನ್ ಮಾಡಿ, ಎನ್‌ಟಿಎಫ್‌ಎಸ್ ಓದಲು ಬೇಕಾದ ಡ್ರೈವರನ್ನು ಅದರಲ್ಲಿ ಇಡುತ್ತದೆ. ಕಂಪ್ಯೂಟರ್ ಮೊದಲು ಪುಟ್ಟದನ್ನು ಓದಿ, ಅಲ್ಲಿಂದ ದೊಡ್ಡದಕ್ಕೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಕೈಯಾರೆ ಮಾಡುವವರು ವಿಮ್‌ಲಿಬ್ ಅನ್ನುವ ಸಾಫ್ಟ್‌ವೇರ್ ಬಳಸಿ ಆ ದೊಡ್ಡ ಫೈಲನ್ನು ತುಂಡು ಮಾಡಿ ಫ್ಯಾಟ್32ರಲ್ಲೇ ಇಡಬಹುದು. ವಿಂಡೋಸ್ ಸೆಟಪ್ ತುಂಡುಗಳನ್ನೂ ಓದುತ್ತದೆ. ಅದನ್ನೂ ಒಂದು ಸಲ ಮಾಡಿದೆ, ಕೆಲಸ ಮಾಡಿತು, ಆದರೆ ರೂಫಸ್ ಇರುವಾಗ ಅಷ್ಟು ಕಷ್ಟ ಬೇಡ.

ಸ್ಟಾರ್ಟ್ ಒತ್ತಿದ ಮೇಲೆ ರೂಫಸ್ ಇನ್ನೊಂದು ಚಿಕ್ಕ ಕಿಟಕಿ ತೆರೆಯುತ್ತದೆ. ಟಿಪಿಎಂ 2.0, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್‌ಲೋಡರನ್ನಷ್ಟೇ ಬಿಡುವ ವ್ಯವಸ್ಥೆ), 4 ಜಿಬಿ ರ‍್ಯಾಮ್ ಬೇಕೆನ್ನುವ ತಪಾಸಣೆ ತೆಗೆಯಬೇಕೇ, ಮೈಕ್ರೋಸಾಫ್ಟ್ ಖಾತೆ ಕೇಳುವುದನ್ನು ಬಿಡಿಸಬೇಕೇ ಅಂತ ಕೇಳುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿದ್ದು ಇದರಿಂದಲೇ. ಆದರೆ ಇಂಥ ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಯಾವ ಭರವಸೆಯನ್ನೂ ಕೊಡುವುದಿಲ್ಲ, ಅಪ್‌ಡೇಟ್ ಬರದಿದ್ದರೆ ಕೇಳುವ ಹಾಗಿಲ್ಲ. ಕೆಲಸಕ್ಕೆ ನೆಚ್ಚಿಕೊಂಡ ಕಂಪ್ಯೂಟರ್ ಆದರೆ ನಾನು ಹೀಗೆ ಮಾಡುವುದಿಲ್ಲ.

ರೂಫಸ್‌ನಲ್ಲಿ ಜನ ಎಡವುವುದು ಎಂಬಿಆರ್, ಜಿಪಿಟಿ ಅನ್ನುವ ಎರಡು ಬಗೆಯ ಪಾರ್ಟಿಷನ್ ಟೇಬಲ್‌ಗಳಲ್ಲಿ ಒಂದನ್ನು ಆರಿಸುವ ಕಡೆ. ಜಿಪಿಟಿ ಆರಿಸಿದರೆ ಪೆನ್ ಡ್ರೈವ್ ಯುಇಎಫ್‌ಐ ಕಂಪ್ಯೂಟರ್‌ಗಳಲ್ಲಿ ಮಾತ್ರ ಬೂಟ್ ಆಗುತ್ತದೆ. ನನ್ನ ಹಳೇ ಡೆಸ್ಕ್‌ಟಾಪ್‌ನಂಥ ಬಯೋಸ್ ಯಂತ್ರಕ್ಕೆ ಎಂಬಿಆರ್ ಬೇಕು. ಹೈಬ್ರಿಡ್ ಐಎಸ್‌ಒ ಕೊಟ್ಟರೆ ‘ಐಎಸ್‌ಒ ಮೋಡೋ, ಡಿಡಿ ಮೋಡೋ’ ಅಂತಲೂ ಕೇಳುತ್ತದೆ, ಅಂದರೆ ಮೇಲೆ ಹೇಳಿದ ಎರಡನೇ ದಾರಿಯೋ, ಮೊದಲನೆಯದೋ ಅಂತ. ಮೊದಲು ಐಎಸ್‌ಒ ಮೋಡ್ ಆರಿಸಿ. ಬೂಟ್ ಆಗದಿದ್ದರೆ ಡಿಡಿ ಮೋಡ್. ಉಬುಂಟು, ಡೆಬಿಯನ್ ಬಳಗದ ಐಎಸ್‌ಒಗಳಿಗೆ ಪರ್ಸಿಸ್ಟೆಂಟ್ ಜಾಗವನ್ನೂ ಇಟ್ಟುಕೊಡುತ್ತದೆ. ಅಂದರೆ ಪೆನ್ ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ಮಾಡಿದ ಬದಲಾವಣೆಗಳು ಮುಂದಿನ ಸಲಕ್ಕೂ ಉಳಿಯುತ್ತವೆ.

ಮೀಡಿಯಾ ಕ್ರಿಯೇಷನ್ ಟೂಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಂಡೋಸ್ ಇರುವ ಕಂಪ್ಯೂಟರ್, ಕನಿಷ್ಠ 8 ಜಿಬಿ ಪೆನ್ ಡ್ರೈವ್, ಇಂಟರ್ನೆಟ್ ಇದ್ದರೆ ಸಾಕು. ವಿಂಡೋಸನ್ನು ತಾನೇ ಡೌನ್‌ಲೋಡ್ ಮಾಡಿ ತಾನೇ ಬರೆಯುತ್ತದೆ. ಆಯ್ಕೆಗಳಿಲ್ಲ, ಗೊಂದಲವೂ ಇಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಇದನ್ನೇ ಬಳಸಿದೆ. ಮೊದಲ ಸಲ ಮಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ.

ವೆಂಟಾಯ್ ನೋಡಿದಾಗ ನಿಜಕ್ಕೂ ಖುಷಿಯಾಯಿತು. 2020ರಲ್ಲಿ ಬಂದದ್ದು, ಓಪನ್ ಸೋರ್ಸ್. ಇದನ್ನು ಪೆನ್ ಡ್ರೈವ್‌ಗೆ ಒಂದೇ ಒಂದು ಸಲ ಹಾಕಬೇಕು. ಆಗ ಎಲ್ಲ ಅಳಿದುಹೋಗುತ್ತದೆ, ಅದು ನೆನಪಿರಲಿ. ಎರಡು ಪಾರ್ಟಿಷನ್ ಆಗುತ್ತವೆ, ದೊಡ್ಡದು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನದು, ಚಿಕ್ಕದು 32 ಎಂಬಿ. ಆಮೇಲೆ ಐಎಸ್‌ಒ ಫೈಲ್‌ಗಳನ್ನು ದೊಡ್ಡದಕ್ಕೆ ಸುಮ್ನೆ ಕಾಪಿ ಮಾಡಿದರಾಯಿತು. ಮಿಂಟ್, ಫೆಡೋರಾ, ವಿಂಡೋಸ್ ಎಲ್ಲ ಒಟ್ಟಿಗೆ ಇರಲಿ. ಬೂಟ್ ಮಾಡಿದರೆ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿ. ಹೊಸ ಆವೃತ್ತಿ ಬಂದರೆ ಹಳೇ ಐಎಸ್‌ಒ ಡಿಲೀಟ್ ಮಾಡಿ ಹೊಸದು ಹಾಕಿದರೆ ಮುಗಿಯಿತು. ಉಳಿದ ಜಾಗದಲ್ಲಿ ಮಾಮೂಲಿ ಫೈಲ್‌ಗಳನ್ನೂ ಇಟ್ಟುಕೊಳ್ಳಬಹುದು. ಬಯೋಸ್, ಯುಇಎಫ್‌ಐ ಎರಡಕ್ಕೂ ನಡೆಯುತ್ತದೆ. ಎಕ್ಸ್‌ಫ್ಯಾಟ್ ಆದ್ದರಿಂದ 4 ಜಿಬಿ ತೊಡಕೂ ಇಲ್ಲ.

ಸೆಕ್ಯೂರ್ ಬೂಟ್ ಆನ್ ಇರುವ ಕಂಪ್ಯೂಟರ್‌ನಲ್ಲಿ ಮೊದಲ ಸಲ ನೀಲಿ ಪರದೆ ಬಂದು ‘ವೆರಿಫಿಕೇಷನ್ ಫೇಲ್ಡ್’ ಅನ್ನುತ್ತದೆ. ಹೆದರಬೇಡಿ. ಅಲ್ಲೇ ‘ಎನ್‌ರೋಲ್ ಕೀ ಫ್ರಂ ಡಿಸ್ಕ್’ ಅನ್ನುವುದಕ್ಕೆ ಹೋಗಿ, ವಿಟಿಒವೈಇಎಫ್‌ಐ ಅನ್ನುವ ಚಿಕ್ಕ ಪಾರ್ಟಿಷನ್ ಒಳಗಿನ ಕೀ ಫೈಲ್ ಆರಿಸಬೇಕು. ಆ ಕಂಪ್ಯೂಟರ್‌ಗೆ ಒಂದು ಸಲ ಮಾಡಿದರೆ ಸಾಕು.

ವೆಂಟಾಯ್ ಬಗ್ಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅದರ ಸೋರ್ಸ್ ಕೋಡ್ ಜೊತೆ ಮೊದಲೇ ಸಿದ್ಧಮಾಡಿದ ಬೈನರಿ ಫೈಲ್‌ಗಳೂ (ಮನುಷ್ಯರು ಓದಿ ನೋಡಲಾಗದ ಯಂತ್ರದ ಕೋಡ್) ಇವೆ, ಅವು ಎಲ್ಲಿಂದ ಬಂದವು ಅಂತ ಪರಿಶೀಲಿಸುವುದು ಹೇಗೆ ಅನ್ನುವ ಪ್ರಶ್ನೆ 2024ರಲ್ಲಿ ಜೋರಾಗಿ ಎದ್ದಿತು. ಪ್ರಶ್ನೆ ಸರಿಯಾದದ್ದೇ. ಮನೆಯ ಕೆಲಸಕ್ಕೆ ನಾನು ನಿಶ್ಚಿಂತೆಯಿಂದ ಬಳಸುತ್ತೇನೆ. ಬೇರೆಯವರ ಗುಟ್ಟಿನ ಮಾಹಿತಿ ಇರುವ ಕಂಪ್ಯೂಟರ್ ಆದರೆ ರೂಫಸ್ ಅಥವಾ ಡಿಡಿ ಕಡೆ ಹೋಗುತ್ತೇನೆ.

ಯಾವುದನ್ನೇ ಬಳಸಿ, ಐಎಸ್‌ಒ ಡೌನ್‌ಲೋಡ್ ಆದ ಕೂಡಲೇ ಅದರ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥದ್ದು) ಐಎಸ್‌ಒ ಕೊಟ್ಟವರು ಪ್ರಕಟಿಸಿರುವುದರ ಜೊತೆ ತಾಳೆ ನೋಡಿ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್. ಎಚರ್‌ನ ಪರೀಕ್ಷೆ ಇದನ್ನು ಮಾಡುವುದಿಲ್ಲ. ಫೈಲೇ ಕೆಟ್ಟಿದ್ದರೆ, ಕೆಟ್ಟದ್ದನ್ನೇ ಸರಿಯಾಗಿ ಬರೆದೆ ಅಂತ ಅದು ಹೇಳುತ್ತದೆ.

ಡಿಡಿ ಅಥವಾ ಎಚರ್‌ನಿಂದ ಬರೆದ ಪೆನ್ ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದರೆ ಕೆಲವು ಎಂಬಿ ಮಾತ್ರ ತೋರಿಸಬಹುದು, ಇಲ್ಲವೇ ಫಾರ್ಮ್ಯಾಟ್ ಮಾಡಲೇ ಅಂತ ಕೇಳಬಹುದು. ಪೆನ್ ಡ್ರೈವ್ ಹಾಳಾಗಿಲ್ಲ. ವಿಂಡೋಸ್‌ಗೆ ಆ ಪಾರ್ಟಿಷನ್‌ಗಳು ಅರ್ಥವಾಗುವುದಿಲ್ಲ ಅಷ್ಟೇ. ಬೂಟ್ ಕೆಲಸ ಮುಗಿದ ಮೇಲೆ ರೂಫಸ್‌ನಲ್ಲಿ ‘ನಾನ್ ಬೂಟಬಲ್’ ಆರಿಸಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ವಾಪಸ್ ಸಿಗುತ್ತದೆ.

ಈಗ ನನ್ನ ಮೇಜಿನ ಮೇಲೆ ಎರಡು ಪೆನ್ ಡ್ರೈವ್ ಇವೆ. ದೊಡ್ಡದರಲ್ಲಿ ವೆಂಟಾಯ್, ಅದರೊಳಗೆ ಏಳು ಐಎಸ್‌ಒ. ಚಿಕ್ಕದು ಖಾಲಿ. ವಿಂಡೋಸ್ ಬೇಕೆಂದರೆ ರೂಫಸ್‌ಗೆ, ಮಿಂಟ್ ಬೇಕೆಂದರೆ ಎಚರ್‌ಗೆ ಅದನ್ನು ಕೊಡುತ್ತೇನೆ. ಅಮ್ಮನ ಫೋಟೋಗಳ ಪೆನ್ ಡ್ರೈವ್ ಬೇರೆ ಕೋಣೆಯ ಕಪಾಟಿನಲ್ಲಿದೆ.