ಅರ್ರೋಬಾ ಲೆಕ್ಕದಲ್ಲಿ ಹಂದಿ ತೂಗುವ ಫಾರ್ಮ್: ಹಬೂಗೊ ಹತ್ತಿರದ ಒಂದು ಭೇಟಿ

ಸ್ಪೇನಿನ ವೆಲ್ವಾ ಪ್ರಾಂತ್ಯದ ಹಬೂಗೊ ಊರಿನ ಹತ್ತಿರ, ಐಬೇರಿಯನ್ ಹಂದಿ ಸಾಕುವ ಒಂದು ಕುಟುಂಬ ತಮ್ಮ ಫಾರ್ಮ್ ತೋರಿಸುತ್ತದೆ. ಮೊದಲೇ ಹೇಳಿ ಹೋಗಬೇಕು. ಓಕ್ ಮರಗಳ ನಡುವೆ ಸುತ್ತಾಡಿಸಿ, ಕೊನೆಗೆ ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯ ಮಾಂಸ, ಕೊಡುತ್ತಾರೆ. ಹಾಮೋನ್ ಬಹಳ ಚೆನ್ನಾಗಿತ್ತು. ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಯಜಮಾನರ ಮಾತು. ಅವರು ಹಂದಿಯ ತೂಕವನ್ನು ಕಿಲೋದಲ್ಲಿ ಹೇಳುವುದೇ ಇಲ್ಲ, ಅರ್ರೋಬಾ ಅನ್ನುವ ಸ್ಪೇನಿನ ಹಳೆಯ ಅಳತೆಯಲ್ಲಿ ಹೇಳುತ್ತಾರೆ.

ಇಮೇಲ್ ವಿಳಾಸದ @ ಚಿಹ್ನೆಗೂ ಸ್ಪ್ಯಾನಿಷ್‌ನಲ್ಲಿ ಅರ್ರೋಬಾ ಅಂತಲೇ ಹೆಸರು. ವ್ಯಾಪಾರಿಗಳು ಲೆಕ್ಕ ಬರೆಯುವಾಗ ಈ ತೂಕಕ್ಕೆ ಆ ಗುರುತು ಹಾಕುತ್ತಿದ್ದರು. ಇಮೇಲ್‌ಗೆ ಅದು ಬಂದಿದ್ದು 1971ರಲ್ಲಿ, ಅಮೆರಿಕದ ಕಂಪ್ಯೂಟರ್ ಎಂಜಿನಿಯರ್ ರೇ ಟಾಮ್ಲಿನ್ಸನ್ ಆರಿಸಿಕೊಂಡಾಗ. ಪದ ಮಾತ್ರ ಅರಬ್ಬರ ಆಳ್ವಿಕೆಯ ಕಾಲದ್ದು. ಅರಬ್ಬಿಯ 'ಅರ್-ರುಬ್' ಅಂದರೆ ಕಾಲು ಭಾಗ. ಯಾವುದರ ಕಾಲು? ಕ್ವಿಂಟಲ್‌ನದು. ಸ್ಪೇನಿನ ಕಾಸ್ತೀಲ್ ಪ್ರದೇಶದ ಹಳೆಯ ಕ್ವಿಂಟಲ್ 100 ಲಿಬ್ರಾ (ಅಲ್ಲಿನ ಪೌಂಡು), ಅಂದರೆ ಸುಮಾರು 46 ಕಿಲೋ. ಅದರ ಕಾಲು 25 ಲಿಬ್ರಾ, ಸುಮಾರು 11.5 ಕಿಲೋ. ಅರಗಾನ್ ಪ್ರದೇಶದಲ್ಲಿ ಅದೇ ಅರ್ರೋಬಾ 12.5 ಕಿಲೋ. ವೈನ್ ಅಳೆದರೆ ಸುಮಾರು 16 ಲೀಟರ್, ಎಣ್ಣೆಯಾದರೆ ಸುಮಾರು 12.5 ಲೀಟರ್. ಯಾವ ಊರು, ಯಾವ ಸರಕು ಅಂತ ಕೇಳದೆ ವ್ಯಾಪಾರವೇ ಆಗುತ್ತಿರಲಿಲ್ಲ, ಅಲ್ವಾ? 1849ರಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂತು. ಆದರೂ ರಾಶಿ ರಾಶಿ ಇದೆ ಅನ್ನಲು ಇವತ್ತಿಗೂ 'ಪೋರ್ ಅರ್ರೋಬಾಸ್' ಅನ್ನುತ್ತಾರೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಮುಂದಿನ ಲೆಕ್ಕ. ಚಳಿಗಾಲದಲ್ಲಿ ಹಂದಿಗಳನ್ನು ಓಕ್ ಕಾಯಿ ತಿನ್ನಲು ಬಿಡುವುದಕ್ಕೆ ಮೊಂತಾನೇರಾ ಅನ್ನುತ್ತಾರೆ. 2014ರ ಸರ್ಕಾರಿ ನಿಯಮದ ಪ್ರಕಾರ, ಒಳಗೆ ಬಿಡುವಾಗ ಹಿಂಡಿನ ಸರಾಸರಿ ತೂಕ 92ರಿಂದ 115 ಕಿಲೋ ಇರಬೇಕು. 60 ದಿನಕ್ಕಿಂತ ಹೆಚ್ಚು ಮೇಯಬೇಕು, ಕಡಿಮೆ ಅಂದರೂ 46 ಕಿಲೋ ಏರಬೇಕು. 92, 115, 46 ಅನ್ನುವ ಈ ವಿಚಿತ್ರ ಸಂಖ್ಯೆಗಳನ್ನು 11.5ರಿಂದ ಭಾಗಿಸಿ ನೋಡಿ. 8, 10, 4! ಕಾನೂನಿನ ಕಿಲೋಗಳ ಒಳಗೆ ಅರ್ರೋಬಾ ಹಾಗೇ ಕೂತಿದೆ. ಯಜಮಾನರು ಒಂದು ಹಂದಿ ತೋರಿಸಿ "ಒಂಬತ್ತರಲ್ಲಿ ಬಂತು, ಈಗ ಹದಿಮೂರು" ಅಂದಾಗ ಇಡೀ ಚಳಿಗಾಲದ ಕಥೆ ಅಷ್ಟರಲ್ಲೇ ಮುಗಿದಿತ್ತು.

ಕೊರತೆಯೂ ಇದೆ. ವಿವರಣೆ ಪೂರ್ತಿ ಸ್ಪ್ಯಾನಿಷ್‌ನಲ್ಲಿ, ಅದೂ ಪದದ ಕೊನೆಯ 'ಸ್' ನುಂಗುವ ಆಂದಲೂಸಿಯಾ ಧಾಟಿಯಲ್ಲಿ. ಭಾಷೆ ಬಾರದವರಿಗೆ ಕೊಡುವ ಮುದ್ರಿತ ಹಾಳೆಯಲ್ಲಿ ಎಲ್ಲವೂ ಕಿಲೋ, ಅರ್ರೋಬಾ ಸುದ್ದಿಯೇ ಇಲ್ಲ. ಅಲ್ಲಿನ ಒಳ್ಳೆಯ ವಿಷಯವನ್ನೇ ಬಿಟ್ಟಿದ್ದಾರೆ ಅಂತ ನನಗೆ ನಿಜಕ್ಕೂ ಬೇಸರವಾಯಿತು. ತಟ್ಟೆಯಲ್ಲಿ ಹಾಮೋನ್ ಕೂಡ ಸ್ವಲ್ಪವೇ.

ಹೋಗುವುದಾದರೆ ಡಿಸೆಂಬರ್ ಹೊತ್ತಿಗೆ ಹೋಗಿ, ಹಂದಿಗಳು ಮರದ ಕೆಳಗೇ ಇರುತ್ತವೆ. ಕೆಸರಿಗೆ ತಕ್ಕ ಬೂಟು ಹಾಕಿಕೊಳ್ಳಿ. ಹಾಮೋನ್ ಕೊಳ್ಳುವುದಿದ್ದರೆ ಕಪ್ಪು ಗುರುತಿನ ಪಟ್ಟಿ ಕಟ್ಟಿದ ತೊಡೆ ಕೇಳಿ. ಅದು ಶುದ್ಧ ಐಬೇರಿಯನ್ ತಳಿ, ಓಕ್ ಕಾಯಿ ತಿಂದದ್ದು. ಕೆಂಪು ಪಟ್ಟಿಯದೂ ಓಕ್ ಕಾಯಿಯದೇ, ಆದರೆ ಬೆರಕೆ ತಳಿ.