ಬಜಪೆ ರನ್‌ವೇ ಮೇಲೆ ಆರು ಗೋ-ಅರೌಂಡ್: ಕದ್ರಿ ಹತ್ತಿರದ ಸಿಮ್ಯುಲೇಟರ್ ರೂಮ್ ಹೇಗಿದೆ?

ರಜೆಗೆ ಉಡುಪಿಗೆ ಬಂದಿದ್ದೇನೆ. ಫ್ಲೈಯಿಂಗ್ ಟ್ರೇನಿಂಗ್‌ನಲ್ಲಿ ನನಗೆ ಇನ್ನೂ ಕೈಗೆ ಹತ್ತದ ಪಾಠ ಅಂದರೆ ಗೋ-ಅರೌಂಡ್, ಇಳಿಯುವುದು ಸರಿ ಬರುತ್ತಿಲ್ಲ ಅನಿಸಿದ ಕೂಡಲೇ ಅದನ್ನು ಬಿಟ್ಟು ಮತ್ತೆ ಮೇಲೇರುವುದು. ಅದಕ್ಕೆಂದೇ ಬಸ್ ಹತ್ತಿ ಮಂಗಳೂರಿಗೆ ಹೋಗಿ, ಸ್ಕ್ರೀನ್ ಮುಂದೆ ಕೂತು ವಿಮಾನ ಓಡಿಸಿ ಕಲಿಯುವ ಈ ಸಿಮ್ಯುಲೇಟರ್‌ನಲ್ಲಿ ಒಂದು ಗಂಟೆ ಬುಕ್ ಮಾಡಿದೆ.

ಸ್ಕ್ರೀನ್‌ನಲ್ಲಿ ವಿಮಾನ ಸೆಸ್ನಾ 172 ಎಂಬ ಚಿಕ್ಕ ವಿಮಾನ, ರನ್‌ವೇ ನಮ್ಮ ಬಜಪೆಯದ್ದೇ, ಅಂದರೆ ಮಂಗಳೂರು ವಿಮಾನ ನಿಲ್ದಾಣದ್ದು. ನೂರು ಅಡಿ ಎತ್ತರದಲ್ಲಿದ್ದಾಗ ಹೇಳಿಕೊಡುವವರು "ಗೋ-ಅರೌಂಡ್" ಎಂದರು. ನನ್ನ ಕೈ ಸೀದಾ ಫ್ಲ್ಯಾಪ್ (ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಕಡೆ ಹೋಯಿತು. "ಎಂತ ಮಾರಾಯ್ರೆ, ಮೊದಲು ಪವರ್ ಕೊಡಿ!"

ಎಂಜಿನ್‌ಗೆ ಪವರ್ ಕೊಡುವ ಥ್ರಾಟಲ್ ಪೂರ್ತಿ ಒತ್ತಿದೆ. ಟ್ರಿಮ್ (ಕೈಬಲ ಹಾಕದೆ ವಿಮಾನ ಒಂದೇ ವೇಗದಲ್ಲಿ ಹೋಗುವಂತೆ ಮಾಡುವ ಹೊಂದಾಣಿಕೆ) ಇಳಿಯುವ ವೇಗಕ್ಕೆ ಇಟ್ಟಿರುತ್ತೇವೆ ಅಲ್ವಾ, ಹಾಗಾಗಿ ಮೂಗು ತಟ್ಟನೆ ಮೇಲೆದ್ದಿತು, ಯೋಕ್ (ವಿಮಾನದ ಸ್ಟೇರಿಂಗ್) ಮುಂದಕ್ಕೆ ತಳ್ಳಿ ಹಿಡಿಯಬೇಕು, ಜೊತೆಗೆ ಬಲಗಾಲಲ್ಲಿ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಭಾಗ) ಪೆಡಲ್ ಒತ್ತಬೇಕು, ಇಲ್ಲದಿದ್ದರೆ ವಿಮಾನ ಎಡಕ್ಕೆ ತಿರುಗುತ್ತದೆ. ಫ್ಲ್ಯಾಪ್ 30 ಡಿಗ್ರಿಯಿಂದ ಮೊದಲು 20ಕ್ಕೆ ಮಾತ್ರ ಎತ್ತಬೇಕು. ಎರಡನೇ ಸಲ ನಾನು ಪೂರ್ತಿ ಎತ್ತಿಬಿಟ್ಟೆ. ವಿಮಾನ ಕುಸಿದು ಚಕ್ರ ನೆಲಕ್ಕೆ ಬಡಿಯಿತು. ಅವರು ಸ್ಕ್ರೀನ್ ಅಲ್ಲಿಗೇ ನಿಲ್ಲಿಸಿ ವೇಗ ಎಷ್ಟಿತ್ತು ನೋಡಿ ಎಂದು ತೋರಿಸಿದರು. ಈ ನಿಲ್ಲಿಸಿ ತೋರಿಸುವುದು ನಿಜವಾದ ವಿಮಾನದಲ್ಲಿ ಆಗದ ಕೆಲಸ, ನಾನು ಕೊಟ್ಟ ದುಡ್ಡು ಅದಕ್ಕೇ ಸಾರ್ಥಕ.

ನಾಲ್ಕನೇ ಸಲ ಬೇಕೆಂದೇ ಎತ್ತರದಿಂದ, ಜಾಸ್ತಿ ವೇಗದಲ್ಲಿ ಬಿಟ್ಟರು. ಹೇಗಾದರೂ ಇಳಿಸೋಣ ಅಂತ ಮನಸ್ಸು ಎಳೆಯುತ್ತದೆ. ಆಗ ಅವರು 2010ರ ಮೇ 22ರ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುರಂತದ ಮಾತು ತೆಗೆದರು. ಇದೇ ರನ್‌ವೇ. ಸಹ ಪೈಲಟ್ ಗೋ-ಅರೌಂಡ್ ಎಂದು ಹೇಳಿದ್ದರು, ಆದರೂ ವಿಮಾನ ಇಳಿಯಿತು, ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತು, ವೇಗ ತಗ್ಗಿಸಲು ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಹಾಕಿದ ನಂತರ ಮತ್ತೆ ಏರಲು ನೋಡಿದರು. ಆಚೆ ಕಣಿವೆ. 158 ಜನ ಹೋದರು, 8 ಜನ ಉಳಿದರು. ನಾನು ಮಾತಾಡದೆ ಥ್ರಾಟಲ್ ಒತ್ತಿದೆ. ಆಮೇಲಿನ ಎರಡು ಸಲವೂ ಕೈ ತಡವರಿಸಲಿಲ್ಲ.

ಕೊರತೆಯೂ ಇದೆ. ಯೋಕ್ ತುಂಬಾ ಹಗುರ, ನಿಜವಾದ ಸೆಸ್ನಾದಲ್ಲಿ ಮೂಗು ತಗ್ಗಿಸಲು ತೋಳಿನ ಬಲವೇ ಬೇಕು. ಪೆಡಲ್ ಮ್ಯಾಟ್ ಮೇಲೆ ಜಾರುತ್ತದೆ. ನನಗಿಂತ ಮೊದಲು ಕೂತವರು ಏಳದೆ ಹದಿನೈದು ನಿಮಿಷ ಕಾಯಬೇಕಾಯಿತು, ಅಷ್ಟನ್ನು ಕೊನೆಗೆ ಸೇರಿಸಿ ಕೊಡಲಿಲ್ಲ, ಇದನ್ನು ಅವರು ಸರಿ ಮಾಡಲೇಬೇಕು. ಸುಮ್ನೆ ವಿಮಾನ ಓಡಿಸಿ ನೋಡುವ ಆಸೆ ಇರುವವರಿಗೆ ಇದು ಸ್ವಲ್ಪ ದುಬಾರಿಯೇ. ಕಲಿಯುತ್ತಿರುವವರು ಧಾರಾಳವಾಗಿ ಹೋಗಿ.

ಶನಿವಾರಕ್ಕೆ ಮತ್ತೆ ಬುಕ್ ಮಾಡಿದ್ದೇನೆ. ಈ ಸಲ ಅಡ್ಡಗಾಳಿ ಹಾಕಿ ಎಂದು ಹೇಳಿ ಬಂದಿದ್ದೇನೆ.