ಫ್ಯಾಷನ್ ಶೋಗೆ ಇನ್ವಿಟೇಷನ್, ಲುಕ್‌ಬುಕ್ ಪ್ರಿಂಟ್ ಮಾಡಿಸುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ನಮಗೆ ತೋರಿಸಿದ ಸ್ಯಾಂಪಲ್ಲೇ ಬೇರೆ, ಕೈಗೆ ಬಂದ ಮಾಲೇ ಬೇರೆ. ಆಮಂತ್ರಣ ಪತ್ರಿಕೆಗಳು ಕಳಿಸಲೇಬೇಕಾದ ದಿನ ಬಂದವು, ಲುಕ್‌ಬುಕ್, ಅಂದರೆ ಕಲೆಕ್ಷನ್‌ನ ಉಡುಪುಗಳ ಚಿತ್ರಪುಸ್ತಕ, ಶೋದ ಹಿಂದಿನ ಸಂಜೆ. ವಾಪಸ್ ಮಾಡುವ ಪ್ರಶ್ನೆಯೇ ಇರಲಿಲ್ಲ. ಶೋದ ತಾರೀಖು ಯಾರಿಗಾಗಿಯೂ ಮುಂದೆ ಹೋಗುವುದಿಲ್ಲ ಅನ್ನುವುದು ಪ್ರಿಂಟರ್‌ಗೂ ಗೊತ್ತು. ಕೊನೆ ಗಳಿಗೆಯವರೆಗೆ ಎಳೆದರೆ ಗಿರಾಕಿ ಏನು ಕೊಟ್ಟರೂ ತೆಗೆದುಕೊಳ್ಳುತ್ತಾನೆ ಎಂಬ ಲೆಕ್ಕಾಚಾರದಲ್ಲೇ ಈ ಕೆಲಸ ನಡೆದದ್ದು ಎಂದು ನನಗೆ ಖಾತ್ರಿಯಾಗಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆಮಂತ್ರಣವನ್ನು ಮೂರು ಮಡಿಕೆಯ ಕಾರ್ಡ್ ಆಗಿ ವಿನ್ಯಾಸ ಮಾಡಿದ್ದೆ. 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಕಾಗದ, ಎರಡೂ ಬದಿ ಅಂಚಿನಿಂದ ಅಂಚಿಗೆ ಗಾಢ ಮರೂನ್. ಒಂದೊಂದೇ ಮಡಿಕೆ ತೆರೆದಂತೆ ಬಟ್ಟೆಯ ನೆರಿಗೆ ಬಿಚ್ಚಿಕೊಂಡ ಹಾಗೆ ಕಾಣಬೇಕು, ಕೊನೆಯದರೊಳಗೆ ಅತಿಥಿಯ ಹೆಸರು ಮತ್ತು ಸೀಟ್ ನಂಬರ್. ಇಡೀ ಐಡಿಯಾ ನಿಂತಿದ್ದೇ ಮಡಿಕೆಯ ಮೇಲೆ. ಬಂದ ಕಾರ್ಡ್ ತೆರೆದು ನೋಡಿದರೆ ಪ್ರತಿ ಮಡಿಕೆಯ ಉದ್ದಕ್ಕೂ ಇಂಕ್ ಒಡೆದು ಬಿಳಿ ಗೆರೆ. ಬೆರಳಿಂದ ಸವರಿದರೆ ಮರೂನ್ ಪುಡಿ ಉಗುರಿಗೆ ಅಂಟುತ್ತಿತ್ತು.

ಯಾಕೆ ಹೀಗಾಯಿತು ಎಂದು ಆಮೇಲೆ ಬೇರೊಂದು ಪ್ರೆಸ್‌ನ ಹಿರಿಯ ಬೈಂಡರ್ ಕಾರ್ಡನ್ನು ಹರಿದು ತೋರಿಸಿದರು. ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಪ್ರೆಸ್‌ನವರು ಇದನ್ನು ಗ್ರೇನ್ ಅನ್ನುತ್ತಾರೆ. ಗ್ರೇನ್ ದಿಕ್ಕಿನಲ್ಲಿ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಮಡಿಕೆ ಗ್ರೇನ್‌ಗೆ ಸಮಾನಾಂತರವಾಗಿರಬೇಕು, ದಪ್ಪ ಕಾಗದವಾದರೆ ಮಡಚುವ ಮೊದಲು ಕ್ರೀಸಿಂಗ್, ಅಂದರೆ ಮಡಿಕೆಯ ಜಾಗದಲ್ಲಿ ಒತ್ತಿ ಗೆರೆ ಮೂಡಿಸುವ ಕೆಲಸ ಕೂಡ ಆಗಬೇಕು. ನಮ್ಮ ಕಾರ್ಡನ್ನು ದೊಡ್ಡ ಶೀಟ್‌ನಲ್ಲಿ ಅಡ್ಡಕ್ಕೆ ತಿರುಗಿಸಿ ಕೂರಿಸಿದ್ದರು. ಹಾಗೆ ಮಾಡಿದರೆ ಒಂದು ಶೀಟ್‌ನಲ್ಲಿ ಹೆಚ್ಚು ಕಾರ್ಡ್ ಹಿಡಿಯುತ್ತವೆ, ಕಾಗದ ಉಳಿಯುತ್ತದೆ. ಉಳಿದ ಕಾಗದ ಅವರ ಲಾಭಕ್ಕೆ, ಒಡೆದ ಮಡಿಕೆ ನಮ್ಮ ಪಾಲಿಗೆ. ಸ್ಯಾಂಪಲ್ ಕಾರ್ಡ್‌ನಲ್ಲಿ ಮಾತ್ರ ಗ್ರೇನ್ ಸರಿಯಾಗಿತ್ತು, ಕ್ರೀಸಿಂಗ್ ಚೊಕ್ಕವಾಗಿತ್ತು.

ಲುಕ್‌ಬುಕ್‌ನದು ಇದಕ್ಕಿಂತ ದೊಡ್ಡ ಹಾನಿ. ಆಮಂತ್ರಣ ಹಾಳಾದರೆ ಮರ್ಯಾದೆ ಹೋಗುತ್ತದೆ, ಲುಕ್‌ಬುಕ್ ಹಾಳಾದರೆ ವ್ಯಾಪಾರವೇ ಹೋಗುತ್ತದೆ. ಖರೀದಿದಾರರು, ಸ್ಟೈಲಿಸ್ಟ್‌ಗಳು, ಪತ್ರಿಕೆಯವರು ಶೋ ಮುಗಿದ ಮೇಲೆ ಬಟ್ಟೆಯನ್ನು ನೆನಪಿಟ್ಟುಕೊಳ್ಳುವುದು ಅದರಲ್ಲಿ ಪ್ರತಿ ಉಡುಪಿಗೆ ಕೊಟ್ಟಿರುವ ಲುಕ್ ನಂಬರ್‌ನಿಂದ, ಚಿತ್ರದ ಬಣ್ಣದಿಂದ. ನಮ್ಮ ಕಲೆಕ್ಷನ್‌ನ ಮುಖ್ಯ ಉಡುಪು ಕಡುನೀಲಿ ವೆಲ್ವೆಟ್ ಗೌನ್. ಪುಸ್ತಕದಲ್ಲಿ ಅದು ನೇರಳೆಯಾಗಿತ್ತು. ಶೋ ಆದ ಮೇಲೆ ಒಬ್ಬ ಖರೀದಿದಾರರು ಫೋನ್ ಮಾಡಿ, ‘ಆ ನೇರಳೆ ಗೌನ್ ಬೇಕಿತ್ತು, ರ‍್ಯಾಂಪ್ ಮೇಲೆ ಕಾಣಲೇ ಇಲ್ಲವಲ್ಲ’ ಎಂದರು. ಅಂಥ ಗೌನ್ ನಮ್ಮಲ್ಲಿ ಇರಲೇ ಇಲ್ಲ. ತಿಂಗಳುಗಟ್ಟಲೆ ಕೂತು ಆ ನೀಲಿ ಹೊಂದಿಸಿದ್ದ ಡೈಯಿಂಗ್‌ನವರಿಗೆ ಈ ಮಾತು ಹೇಗೆ ಹೇಳುವುದು?

ನೀಲಿ ನೇರಳೆಯಾಗುವುದು ಮುದ್ರಣದಲ್ಲಿ ಹಳೆಯ ಕಾಯಿಲೆ. ಪರದೆ ಬಣ್ಣ ತೋರಿಸುವುದು ಬೆಳಕಿನಿಂದ. ಪ್ರೆಸ್‌ಗೆ ಇರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕ್. ಪರದೆಯ ಮೇಲಿನ ಎಷ್ಟೋ ಗಾಢ ನೀಲಿ, ಕಿತ್ತಳೆ, ಹಸಿರುಗಳು ಈ ನಾಲ್ಕರಲ್ಲಿ ಸಿಗುವುದೇ ಇಲ್ಲ. ನೀಲಿಯಲ್ಲಿ ಮಜೆಂಟಾ ಪ್ರಮಾಣ ಸಯಾನ್‌ಗೆ ಹತ್ತಿರ ಬಂದರೆ ಸಾಕು, ನೇರಳೆಗೆ ವಾಲುತ್ತದೆ. ಎರಡರ ನಡುವೆ ಕನಿಷ್ಠ ಶೇ. 30ರ ಅಂತರ ಇಡಬೇಕು ಎಂದು ಅನುಭವಸ್ಥರು ಹೇಳುವುದು ಅದಕ್ಕೇ. ಆ ಅಂತರ ಇಟ್ಟೇ ನಾನು ಫೈಲ್ ಕೊಟ್ಟಿದ್ದೆ. ಆ ಪ್ರಿಂಟರ್ ಕಡೆಯವರು ಅದರ ಬಣ್ಣಗಳನ್ನು ತಮ್ಮ ಸಾಫ್ಟ್‌ವೇರ್‌ನಲ್ಲಿ ಮತ್ತೊಮ್ಮೆ ಕನ್ವರ್ಟ್ ಮಾಡಿದ್ದರಿಂದ ಅದು ಕೆಟ್ಟಿತು. ಅಷ್ಟೇ ಅಲ್ಲ, ಕೋಟೆಡ್ (ಮೇಲೆ ನಯವಾದ ಲೇಪನವಿರುವ) ಕಾಗದ ಎಂದು ಒಪ್ಪಿದ್ದವರು ಲೇಪನವಿಲ್ಲದ ಅನ್‌ಕೋಟೆಡ್ ಹಾಕಿದ್ದರು. ಅನ್‌ಕೋಟೆಡ್ ಕಾಗದ ಇಂಕ್ ಹೀರುತ್ತದೆ, ಚುಕ್ಕೆಗಳು ಹರಡಿ ಗಾಢ ಭಾಗಗಳೆಲ್ಲ ಮುಚ್ಚಿಹೋಗುತ್ತವೆ. ಕಪ್ಪು ಉಡುಪುಗಳಲ್ಲಿ ಹೊಲಿಗೆಯೂ ಇಲ್ಲ, ನೆರಿಗೆಯೂ ಇಲ್ಲ. ಮಾಡೆಲ್‌ನ ಮುಖ, ಕೈ ಬಿಟ್ಟರೆ ಉಳಿದದ್ದು ಬರೀ ಕಪ್ಪು ಆಕಾರ. ಅನ್‌ಕೋಟೆಡ್ ಕೆಟ್ಟ ಕಾಗದವೇನಲ್ಲ, ನನಗೆ ಅದರ ಸ್ಪರ್ಶ ತುಂಬ ಇಷ್ಟ. ಆದರೆ ಅದಕ್ಕೆ ಫೋಟೊಗಳನ್ನು ಬೇರೆಯೇ ರೀತಿ ತಯಾರು ಮಾಡಬೇಕು.

ಬೈಂಡಿಂಗ್ ಕೂಡ ಬದಲಾಗಿತ್ತು. ಪೂರ್ತಿ ತೆರೆದುಕೊಳ್ಳಲಿ ಎಂದು ನಡು ಮಡಿಕೆಗೆ ಪಿನ್ ಹೊಡೆಯುವ ಸೆಂಟರ್ ಪಿನ್ ಹೇಳಿದ್ದೆವು, ಪುಟಗಳನ್ನೂ ಅದಕ್ಕೆ ತಕ್ಕಂತೆ ನಾಲ್ಕರ ಗುಣಕದಲ್ಲಿ ಕೊಟ್ಟಿದ್ದೆವು. ಬಂದದ್ದು ಬೆನ್ನಿಗೆ ಗೋಂದು ಹಾಕಿದ ಪರ್ಫೆಕ್ಟ್ ಬೈಂಡಿಂಗ್. ಎದುರುಬದುರು ಪುಟಗಳಿಗೆ ಹರಡಿದ್ದ ಚಿತ್ರಗಳ ನಡುಭಾಗ ಬೆನ್ನಿನೊಳಗೆ ಸೇರಿಹೋಯಿತು. ಒಂದು ಉಡುಪಿಗೆ ಕೈಕಸೂತಿಯ ಸೊಂಟಪಟ್ಟಿಯೇ ಜೀವಾಳ. ಪುಸ್ತಕವನ್ನು ಎಷ್ಟು ಹಿಗ್ಗಿಸಿದರೂ ಅದು ಕಾಣುತ್ತಿರಲಿಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: ‘ನೀವೇ ಪಿಡಿಎಫ್ ಓಕೆ ಮಾಡಿದ್ದೀರಲ್ಲ.’ ಇದು ಎಲ್ಲರೂ ಗಮನಿಸಬೇಕಾದ ಮಾತು. ಪರದೆಯ ಮೇಲಿನ ಪಿಡಿಎಫ್‌ನಿಂದ ಅಕ್ಷರ, ಪುಟಗಳ ಕ್ರಮ, ಲೇಔಟ್ ನೋಡಬಹುದೇ ಹೊರತು ಬಣ್ಣವನ್ನಲ್ಲ, ಕಾಗದವನ್ನಂತೂ ಅಲ್ಲವೇ ಅಲ್ಲ. ‘ಬರಹ ಮತ್ತು ಲೇಔಟ್‌ಗೆ ಮಾತ್ರ ಒಪ್ಪಿಗೆ, ಬಣ್ಣಕ್ಕೆ ಪ್ರೂಫ್ (ಪರೀಕ್ಷೆಗೆ ಮುದ್ರಿಸಿದ ಪ್ರತಿ) ಬೇಕು’ ಎಂದೇ ನಾವು ಬರೆದಿದ್ದೆವು. ಆ ಮೆಸೇಜ್ ತೋರಿಸಿದ ಮೇಲೆ ಮಾತು ಬದಲಾಯಿತು: ಅದು ಮಷಿನ್‌ನವರ ತಪ್ಪಂತೆ. ಆಗ ತಿಳಿಯಿತು, ಇವರ ಹತ್ತಿರ ಸ್ವಂತ ಮಷಿನ್ನೇ ಇಲ್ಲ. ಆರ್ಡರ್ ಹಿಡಿದು ಒಂದು ಕಡೆ ಪ್ರಿಂಟಿಂಗ್, ಇನ್ನೊಂದು ಕಡೆ ಫಾಯಿಲ್, ಮತ್ತೊಂದು ಕಡೆ ಬೈಂಡಿಂಗ್ ಎಂದು ಹಂಚುವ ಮಧ್ಯವರ್ತಿಗಳು. ನಮಗೆ ತೋರಿಸಿದ ಸ್ಯಾಂಪಲ್ ಡಿಜಿಟಲ್ ಮಷಿನ್‌ನಲ್ಲಿ ತೆಗೆದದ್ದು, ಕೆಲಸ ನಡೆದದ್ದು ಪ್ಲೇಟ್ ಮಾಡಿ ಮುದ್ರಿಸುವ ಆಫ್‌ಸೆಟ್ ಮಷಿನ್‌ನಲ್ಲಿ. ನಾವು ಸಹಿ ಮಾಡಿದ ಸ್ಯಾಂಪಲ್ಲನ್ನು ಆ ಮಷಿನ್‌ನ ಆಪರೇಟರ್ ಕಣ್ಣಿಂದಲೂ ನೋಡಿರಲಿಲ್ಲ. ‘ಪ್ರಿಂಟಿಂಗ್ ಶುರುವಾದಾಗ ಬಂದು ಮೊದಲ ಶೀಟ್ ನೋಡುತ್ತೇವೆ’ ಎಂದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಮಷಿನ್ ತೋರಿಸಲು ಹಿಂದೆಮುಂದೆ ನೋಡುವವರಿಗೆ ಈ ಕೆಲಸ ಕೊಡಲೇಬೇಡಿ.

ಇಂಥವರು ಇನ್ನೊಂದು ಕಡೆ ಹಣ ಮಾಡುತ್ತಾರೆ. ‘ಕ್ರಿಯೇಟಿವ್ ಆಗಿ ಬೇಕಲ್ಲ?’ ಎಂದು ಫಾಯಿಲ್ (ಹೊಳೆಯುವ ಹಾಳೆ ಒತ್ತುವುದು), ಎಂಬಾಸಿಂಗ್ (ಉಬ್ಬು ಅಚ್ಚು), ಡೈ ಕಟಿಂಗ್ (ಬೇಕಾದ ಆಕಾರಕ್ಕೆ ಕತ್ತರಿಸುವುದು), ಸ್ಪಾಟ್ ಯುವಿ (ಅಲ್ಲಲ್ಲಿ ಹೊಳಪಿನ ಲೇಪ) ಎಲ್ಲವನ್ನೂ ಒಂದೇ ಕಾರ್ಡ್‌ಗೆ ಹೇರುತ್ತಾರೆ. ಒಂದೊಂದು ಫಿನಿಶಿಂಗ್ ಎಂದರೆ ಒಂದೊಂದು ಕೈ ಬದಲು, ಒಂದೊಂದು ದಿನದ ತಡ. ಸಣ್ಣ ಅಕ್ಷರಗಳಿಗೆ ಫಾಯಿಲ್ ಹಾಕಿದರೆ ಒಳಗಿನ ಜಾಗ ತುಂಬಿಹೋಗುತ್ತದೆ, ತೆಳು ಗೆರೆಗಳು ನಡುನಡುವೆ ಕಿತ್ತುಹೋಗುತ್ತವೆ. ಹೊಸತನಕ್ಕೆ ಇದೆಲ್ಲ ಬೇಕೇ ಬೇಕೆಂದಿಲ್ಲ. 1989ರಲ್ಲಿ ಬೆಲ್ಜಿಯಂನ ಫ್ಯಾಷನ್ ಡಿಸೈನರ್ ಮಾರ್ಟಿನ್ ಮಾರ್ಜೇಲಾ ಪ್ಯಾರಿಸ್‌ನ ಮಕ್ಕಳ ಆಟದ ಮೈದಾನವೊಂದರಲ್ಲಿ ಶೋ ಮಾಡಿದಾಗ ಆಮಂತ್ರಣಗಳನ್ನು ಬರೆದದ್ದು ಅಲ್ಲಿನ ಶಾಲಾ ಮಕ್ಕಳು, ಕೈಯಾರೆ. ಅದನ್ನು ಇವತ್ತಿಗೂ ಜನ ನೆನೆಯುತ್ತಾರೆ.

ನೀವು ಕೇಳಿ ಪಡೆಯಬೇಕಾದದ್ದು ಇಷ್ಟು. ಒಪ್ಪಿದ ಕಾಗದದಲ್ಲೇ, ಕೆಲಸ ನಡೆಯುವ ಮಷಿನ್‌ನಿಂದಲೇ ಪ್ರೂಫ್ ತೆಗೆಸಿ. ಅದನ್ನು ಬಟ್ಟೆಯ ತುಂಡಿನ ಪಕ್ಕ ಇಟ್ಟು ಹಗಲು ಬೆಳಕನ್ನು ಹೋಲುವ 5000 ಕೆಲ್ವಿನ್ ಬೆಳಕಿನಲ್ಲಿ ನೋಡಿ. ಮುದ್ರಣದ ಬಣ್ಣ ಪರೀಕ್ಷೆಗೆ ಅದೇ ಮಾನದಂಡ. ಸಾದಾ ಬಲ್ಬ್ ಕೆಳಗೆ ಹೊಂದಿದ ಬಣ್ಣ ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಎರಡು ಪ್ರತಿಗೆ ಸಹಿ ಹಾಕಿ ಒಂದನ್ನು ನೀವಿಟ್ಟುಕೊಳ್ಳಿ, ಇನ್ನೊಂದು ಆಪರೇಟರ್ ಮುಂದೆ ಇರಲಿ. ಬಿಲ್‌ನಲ್ಲಿ ಕಾಗದದ ಹೆಸರು, ಜಿಎಸ್‌ಎಂ, ಕೋಟೆಡ್ ಹೌದೋ ಅಲ್ಲವೋ, ಬೈಂಡಿಂಗ್ ಯಾವುದು, ಮಡಿಕೆ ಗ್ರೇನ್ ದಿಕ್ಕಿನಲ್ಲೇ ಇರಬೇಕು ಎಂಬುದೆಲ್ಲ ಬರೆದಿರಲಿ. ಅದೇ ಕಾಗದದಲ್ಲಿ ಅಷ್ಟೇ ಪುಟಗಳ ಖಾಲಿ ಡಮ್ಮಿಯನ್ನೂ (ಮಾದರಿ ಪುಸ್ತಕ) ಮೊದಲೇ ಕೇಳಿ. ಡೆಲಿವರಿ ದಿನವನ್ನು, ಕೆಟ್ಟರೆ ಮತ್ತೊಮ್ಮೆ ಪ್ರಿಂಟ್ ಮಾಡಿಸುವಷ್ಟು ಸಮಯ ಉಳಿಯುವಂತೆ ಇಡಿ. ಮಾಲು ಎಣಿಸಿ ನೋಡುವವರೆಗೆ ಬಾಕಿ ಹಣ ಬಿಡಬೇಡಿ.

ಲುಕ್‌ಬುಕ್ಕನ್ನು ಆಮೇಲೆ ಬೇರೆ ಪ್ರೆಸ್‌ನಲ್ಲಿ ಮತ್ತೆ ಮಾಡಿಸಿ ಖರೀದಿದಾರರಿಗೆಲ್ಲ ಕಳಿಸಿದೆವು. ಅಲ್ಲಿ ಮೊದಲ ಶೀಟ್‌ನಲ್ಲಿ ನೀಲಿ ತುಸು ಕೆಂಪಾಗಿತ್ತು. ಆಪರೇಟರ್ ವೆಲ್ವೆಟ್ ತುಂಡನ್ನು ಶೀಟ್ ಮೇಲಿಟ್ಟು ಮಜೆಂಟಾ ಇಳಿಸಿದರು, ಕೆಲವು ಶೀಟ್ ಓಡಿದ ಮೇಲೆ ಬಣ್ಣ ಕೂತಿತು. ಹಳೆಯವರು ಉಳಿದ ಹಣಕ್ಕಾಗಿ ಇನ್ನೂ ಫೋನ್ ಮಾಡುತ್ತಿದ್ದಾರೆ. ಸಹಿ ಹಾಕಿದ ಸ್ಯಾಂಪಲ್ ನಮ್ಮ ಹತ್ತಿರವೇ ಇದೆ, ಅದನ್ನೂ ಬಂದ ಮಾಲನ್ನೂ ಅಕ್ಕಪಕ್ಕ ಇಟ್ಟು ತೆಗೆದ ಫೋಟೊ ಕಳಿಸಿದ್ದೇವೆ.